ಟೀಪಾಟ್ ಯಾಕೆ ಕಾಣಲಿಲ್ಲ?

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಆರನೇ ಸೆಮಿಸ್ಟರ್ ಎಂದರೆ ಬಹುಕಾಲ ಗ್ರಾಫಿಕ್ಸ್ ಲ್ಯಾಬ್. ಬಣ್ಣದ ಘನವನ್ನು ಗರಗರ ತಿರುಗಿಸಬೇಕು, ಚೌಕಟ್ಟಿನ ಹೊರಗೆ ಚಾಚಿದ ಗೆರೆಯನ್ನು ಕತ್ತರಿಸಬೇಕು, ಮೇಜಿನ ಮೇಲೆ ಟೀಪಾಟ್ ಇಟ್ಟು ಬೆಳಕು ಬೀರಬೇಕು. ಸೂತ್ರಗಳೆಲ್ಲ ಬಾಯಿಪಾಠವಾಗಿದ್ದರೂ ಎರಡು ಕಡೆ ಗಾಡಿ ನಿಲ್ಲುತ್ತದೆ: ಪ್ರೋಗ್ರಾಂ ಜೋಡಿಸುವಾಗ, ಮತ್ತು ಅದು ವಿಂಡೋ ತೆರೆಯಲು ಹೊರಟಾಗ.

ಇಲ್ಲಿ ಬಳಸುವ ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆ ಚಿತ್ರ ಬಿಡಿಸುವುದು ಗೊತ್ತು, ವಿಂಡೋ ತೆರೆಯುವುದು ಗೊತ್ತಿಲ್ಲ. 1992ರಲ್ಲಿ ಹುಟ್ಟಿದಾಗಲೇ ಆ ಹೊಣೆಯನ್ನು ಆಯಾ ಕಂಪ್ಯೂಟರಿನ ವಿಂಡೋ ವ್ಯವಸ್ಥೆಗೆ ಬಿಟ್ಟಿದ್ದರು. ನಡುವಿನ ಈ ತೆರಪನ್ನು ತುಂಬಲು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಮಾರ್ಕ್ ಕಿಲ್ಗಾರ್ಡ್ ಗ್ಲಟ್ ಎಂಬ ಪುಟ್ಟ ಲೈಬ್ರರಿ ಬರೆದರು. 1998ರ ನಂತರ ಅದರ ಬೆಳವಣಿಗೆ ನಿಂತಿತು. ತಿದ್ದಿ ಹಂಚಲು ಪರವಾನಗಿಯೂ ಬಿಡುತ್ತಿರಲಿಲ್ಲ. ಹಾಗಾಗಿ 1999ರ ಕೊನೆಗೆ ಪಾವೆಲ್ ಓಲ್ಷ್ಟಾ ಹೊಸದಾಗಿ ಫ್ರೀಗ್ಲಟ್ ಶುರುಮಾಡಿದರು.

ಇಂಥ ಲೈಬ್ರರಿಯನ್ನು ಪ್ರೋಗ್ರಾಂಗೆ ಜೋಡಿಸಲು ಎರಡು ದಾರಿ. ಮುಗದ ಹಳ್ಳಿಯಿಂದ ಧಾರವಾಡಕ್ಕೆ ಓದಲು ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗಬಹುದು, ಇಲ್ಲವೇ ಅಲ್ಲಿನ ಖಾನಾವಳಿಯನ್ನು ನಂಬಬಹುದು. ಸ್ಟ್ಯಾಟಿಕ್ ಲಿಂಕಿಂಗ್ ಬುತ್ತಿಯ ಪದ್ಧತಿ: ಲೈಬ್ರರಿಯಲ್ಲಿ ಬೇಕಾದ ಭಾಗವೆಲ್ಲ ಪ್ರೋಗ್ರಾಂನ ಕಡತದೊಳಗೇ ಸೇರುತ್ತದೆ. ಡೈನಾಮಿಕ್ ಲಿಂಕಿಂಗ್‌ನಲ್ಲಿ ಆ ಭಾಗಗಳನ್ನು ಓಡುವ ಯಂತ್ರದಲ್ಲೇ ಹುಡುಕಿಕೊಳ್ಳಬೇಕು.

ಮೊದಲ ತಕರಾರು ಈ ಜೋಡಣೆ ಮಾಡುವ ಲಿಂಕರ್‌ನದು. ಅದು ಆಜ್ಞೆಯ ಸಾಲನ್ನು ಎಡದಿಂದ ಬಲಕ್ಕೆ ಓದುತ್ತದೆ. ಸ್ಟ್ಯಾಟಿಕ್ ಲೈಬ್ರರಿ ಎದುರಾದಾಗ, ಆ ಹೊತ್ತಿಗೆ ಯಾರಾದರೂ ಕೇಳಿರುವ ಭಾಗಗಳನ್ನಷ್ಟೇ ಎತ್ತಿಕೊಂಡು ಮುಂದೆ ಸಾಗುತ್ತದೆ. ಲೈಬ್ರರಿ ಮೊದಲು, ಪ್ರೋಗ್ರಾಂ ಆಮೇಲೆ ಎಂದು ಬರೆದಿದ್ದರೆ ಕೇಳುವವರು ಇನ್ನೂ ಬಂದೇ ಇರುವುದಿಲ್ಲ. ಫಲ, ಗ್ಲಟ್ ಅನ್ನು ಶುರುಮಾಡುವ ಫಂಕ್ಷನ್ನೇ ಸಿಗಲಿಲ್ಲವೆಂಬ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಗ್ಲಟ್‌ಇನಿಟ್'. ಲೈಬ್ರರಿ ಕಣ್ಣೆದುರೇ ಇದ್ದರೂ ಇಲ್ಲವೆಂದು ದೂರು! ಡೈನಾಮಿಕ್ ಲಿಂಕಿಂಗ್‌ಗೆ ಬಳಸುವ ಹಂಚಿಕೆಯ (ಶೇರ್ಡ್) ಲೈಬ್ರರಿಗಳ ವಿಷಯದಲ್ಲಿ ಈ ಅನುಕ್ರಮ ಹಿಂದೆ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. 2011ರ ಉಬುಂಟು 11.10ರಿಂದ ಅಲ್ಲೂ ಬಿಗಿಯಾಯಿತು, ಅಲ್ಲಿಯವರೆಗೆ ಸಲೀಸಾಗಿ ನಡೆದಿದ್ದ ಸಾಲುಗಳು ಏಕಾಏಕಿ ಮುರಿದವು.

ವಿಂಡೋಸ್‌ನಲ್ಲಿ ಇನ್ನೊಂದು ಗಂಟಿದೆ. ಫ್ರೀಗ್ಲಟ್‌ನ ಹೆಡರ್ ಕಡತ ತಾನಾಗಿಯೇ ಡಿಎಲ್‌ಎಲ್ (ವಿಂಡೋಸ್‌ನ ಡೈನಾಮಿಕ್ ಲೈಬ್ರರಿ) ಇದೆಯೆಂದು ಭಾವಿಸುತ್ತದೆ. ಸ್ಟ್ಯಾಟಿಕ್ ಬೇಕಿದ್ದರೆ 'ಫ್ರೀಗ್ಲಟ್_ಸ್ಟ್ಯಾಟಿಕ್' ಎಂಬ ಗುರುತನ್ನು ಕಂಪೈಲ್ ಮಾಡುವಾಗಲೇ ಕೊಡಬೇಕು. ಮರೆತರೆ 'ಇಂಪ್' ಎಂದು ಆರಂಭವಾಗುವ ಹೆಸರುಗಳನ್ನು ಲಿಂಕರ್ ಹುಡುಕುತ್ತಾ ಕೂರುತ್ತದೆ. ಜತೆಗೆ ಜಿಡಿಐ32, ವಿನ್‌ಎಂಎಂ ಇತ್ಯಾದಿ ವಿಂಡೋಸ್ ಲೈಬ್ರರಿಗಳನ್ನೂ ಸೇರಿಸಬೇಕು.

ಇಷ್ಟೆಲ್ಲ ದಾಟಿ ಪ್ರೋಗ್ರಾಂ ಸಿದ್ಧವಾದ ಮೇಲೂ 'ಫೇಲ್ಡ್ ಟು ಓಪನ್ ಡಿಸ್‌ಪ್ಲೇ' ಎಂದರೆ ಹಲವರು ಮತ್ತೆ ಲಿಂಕಿಂಗ್ ಕೆದಕುತ್ತಾರೆ. ಅದು ವ್ಯರ್ಥ. ಲಿನಕ್ಸ್‌ನ ಎಕ್ಸ್ ವ್ಯವಸ್ಥೆಯಲ್ಲಿ ಪರದೆಯನ್ನು ಆಳುವುದು ಸರ್ವರ್ ಎಂಬ ಬೇರೆಯದೇ ಪ್ರೋಗ್ರಾಂ. ಗ್ಲಟ್‌ಇನಿಟ್ ಸಾಮಾನ್ಯವಾಗಿ 'ಡಿಸ್‌ಪ್ಲೇ' ಎಂಬ ಚರದಲ್ಲಿ ಅದರ ವಿಳಾಸ ಓದಿ ಸಂಪರ್ಕ ಬೆಳೆಸುತ್ತದೆ. ದೂರದ ಯಂತ್ರಕ್ಕೆ ಬರೀ ಟರ್ಮಿನಲ್‌ನಿಂದ ಲಾಗಿನ್ ಆಗಿದ್ದರೆ ಆ ವಿಳಾಸ ಖಾಲಿ. ಓಡುತ್ತಿರುವ ಸರ್ವರ್ ಅನ್ನು ಯಾವ ಬುತ್ತಿಯಲ್ಲೂ ಕಟ್ಟಲಾಗದು. ಓಪನ್‌ಜಿಎಲ್ ಡ್ರೈವರ್‌ನದೂ ಇದೇ ಕತೆ. ಎನ್‌ವಿಡಿಯಾ ಕಾರ್ಡ್ ಇದ್ದಲ್ಲಿ ಒಂದು, ಇಂಟೆಲ್ ಚಿಪ್ ಇದ್ದಲ್ಲಿ ಮತ್ತೊಂದು. ಆದ್ದರಿಂದ 'ಪೂರ್ತಿ ಸ್ಟ್ಯಾಟಿಕ್' ಗ್ರಾಫಿಕ್ಸ್ ಪ್ರೋಗ್ರಾಂ ಎಂಬುದು ಡೆಸ್ಕ್‌ಟಾಪ್‌ನಲ್ಲಿ ಹೆಚ್ಚುಕಡಿಮೆ ಮಾತಿಗಷ್ಟೇ.

ಗ್ಲಟ್‌ನಂತೆಯೇ ವಿಂಡೋ ತೆರೆಯುವ, ಇಂದು ಹೆಚ್ಚು ಬಳಕೆಯಲ್ಲಿರುವ ಜಿಎಲ್‌ಎಫ್‌ಡಬ್ಲ್ಯು ಲೈಬ್ರರಿ ಈ ಮಿತಿಯನ್ನು ಒಪ್ಪಿಕೊಂಡೇ ನಡೆಯುತ್ತದೆ. ಎಕ್ಸ್ ಬೇಕೋ ಹೊಸ ವೇಲ್ಯಾಂಡ್ ವ್ಯವಸ್ಥೆ ಬೇಕೋ ಎಂಬುದನ್ನು ಮೊದಲು ಕಂಪೈಲ್ ಮಾಡುವಾಗಲೇ ನಿರ್ಧರಿಸಬೇಕಿತ್ತು. 2024ರ 3.4 ಆವೃತ್ತಿಯಲ್ಲಿ ಎರಡನ್ನೂ ಒಳಗಿಟ್ಟುಕೊಂಡು ಓಡುವಾಗ ಆರಿಸಿಕೊಳ್ಳುವ ಸೌಲಭ್ಯ ಬಂತು. ಆದರೆ ಅದರ ಇನಿಟ್ ಫಂಕ್ಷನ್ ಸೋತಾಗ ಬರೀ 'ಇಲ್ಲ' ಎಂದು ಸುಮ್ಮನಾಗುತ್ತದೆ. ಕಾರಣ ಬೇಕಿದ್ದರೆ ಎರರ್ ಕಾಲ್‌ಬ್ಯಾಕ್ ಅನ್ನು ಇನಿಟ್‌ಗಿಂತ ಮೊದಲೇ ನೇಮಿಸಬಹುದು. ಇನಿಟ್‌ಗೂ ಮುಂಚೆ ಕರೆಯಬಹುದಾದ ಕೆಲವೇ ಫಂಕ್ಷನ್‌ಗಳಲ್ಲಿ ಅದನ್ನು ನೇಮಿಸುವ ಫಂಕ್ಷನ್ ಒಂದು.