ಪರದೇಶದ ಓದು, ಬಾಡಿಗೆಯ ಕೋಣೆ

ಪರದೇಶಕ್ಕೆ ಓದಲು ಹೊರಡುವ ತರುಣನಿಗೆ ವಿದ್ಯಾಲಯದ ಆಯ್ಕೆಯೇ ಮುಖ್ಯ. ವಸತಿಯ ಚಿಂತೆ ಆಮೇಲಿನದು. 1888ರಲ್ಲಿ ಲಂಡನ್ನಿಗೆ ತೆರಳಿದ ಗಾಂಧೀಜಿಯವರ ಅನುಭವ ಬೇರೊಂದು ಮಾತನ್ನು ಹೇಳುತ್ತದೆ. ಒಲವು ವೈದ್ಯದತ್ತ ಇದ್ದರೂ ಹಿರಿಯರ ಮಾತಿಗೆ ಒಪ್ಪಿ ಅವರು ಬ್ಯಾರಿಸ್ಟರ್ ವ್ಯಾಸಂಗಕ್ಕೆ ಹೋದರು. ವಾಸವನ್ನಾದರೋ ತಾವೇ ಆರಿಸಿಕೊಳ್ಳಬೇಕಾಯಿತು. ಮೊದಲು ದುಬಾರಿಯ ಹೋಟೆಲು, ಬಳಿಕ ಒಂದು ಕುಟುಂಬದ ಮನೆ. ವೆಚ್ಚದ ಲೆಕ್ಕ ಕಣ್ತೆರೆಸಿದ ಮೇಲೆ, ಅರ್ಧ ಗಂಟೆಯಲ್ಲಿ ನಡೆದೇ ಕೆಲಸದ ಸ್ಥಳ ಸೇರುವಂತಹ ಕೋಣೆಗಳನ್ನು ಹಿಡಿದರು. ಗಾಡಿಯ ಬಾಡಿಗೆ ಉಳಿಯಿತು. ದಿನಕ್ಕೆ 8-10 ಮೈಲಿಗಳ ನಡಿಗೆ ದೇಹವನ್ನು ಕಾಯ್ದಿತು. ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಲ್ಯಾಟಿನ್ ಒಮ್ಮೆ ಸೋಲಿಸಿದಾಗ ಬಾಳನ್ನು ಇನ್ನೂ ಸರಳಗೊಳಿಸಿದರು: ಒಂದೇ ಕೋಣೆ, ಒಂದು ಒಲೆ, ಬೆಳಗ್ಗೆ ಓಟ್ಸ್ ಗಂಜಿ. ಉಳಿದ ವೇಳೆಯೆಲ್ಲ ಓದಿಗೆ ಸಂದಿತು, 1890ರಲ್ಲಿ ತೇರ್ಗಡೆಯಾದರು.

ಇಂದು ಹೊರಡುವವರೂ ಬಾಡಿಗೆಯನ್ನಷ್ಟೇ ಅಲ್ಲ, ದೂರವನ್ನೂ ವಿಚಾರಿಸಲಿ. ದಾರಿಯಲ್ಲಿ ಕಳೆದ ಗಂಟೆಯನ್ನು ಯಾವ ವಿದ್ಯಾರ್ಥಿವೇತನವೂ ತುಂಬಿಕೊಡದು.