ಕಂಟ ಹಿಡಿದ ಕೈ

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡಿಗರಿಗೆ ಗೊತ್ತಿರುವ ಮಾತೇ. ಅಚ್ಚಿನ ಮನೆ ಇಲ್ಲದ ಹತ್ತನೆಯ ಶತಮಾನದಲ್ಲಿ ಸಾವಿರ ಪ್ರತಿ! ಮಾಡಿಸಿದವಳ ಹೆಸರು ಉಳಿಯಿತು, ಬರೆದವರದು ಉಳಿಯಲಿಲ್ಲ. ಅವರ ಕೆಲಸ ಎಂಥದ್ದೆಂದು ತಿಳಿದರೆ ಆ ಸಾವಿರದ ಭಾರ ಅರಿವಾದೀತು.

ಆಗ ಬರೆಯುತ್ತಿದ್ದುದು ತಾಳೆಗರಿಯ ಮೇಲೆ. ಶ್ರೀತಾಳೆಯ ಗರಿ ತೆಳು, ಅಗಲ, ಬಾಗಿಸಿದರೂ ಬೇಗ ಮುರಿಯದು. ತಾಟಿನುಂಗು ಬಿಡುವ ತಾಳೆಯ ಗರಿ ದಪ್ಪ, ಒರಟು. ಯಾವುದೇ ಆಗಲಿ, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಕುದಿಸಿ, ನೆರಳಲ್ಲಿ ಒಣಗಿಸಿ, ನುಣುಪಾಗುವಂತೆ ಉಜ್ಜಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಮಾಡಬೇಕು. ಇಷ್ಟಾದರೂ ಇನ್ನೂ ಒಂದಕ್ಷರವೂ ಆಗಿಲ್ಲ.

ಲಿಪಿಕಾರ ಗರಿಯನ್ನು ಎಡಗೈಯಲ್ಲಿ ಹಿಡಿಯುತ್ತಾನೆ, ಬಲಗೈಯಲ್ಲಿ ಕಬ್ಬಿಣದ ಕಂಟ. ಎಡಗೈ ಹೆಬ್ಬೆರಳು ಮೊನೆಗೆ ಆಸರೆಯಾಗಿ ನಿಂತು ದಾರಿ ತೋರಿಸುತ್ತದೆ. ಒತ್ತಿದರೆ ಗರಿ ಹರಿಯಿತು, ಹಗುರಾದರೆ ಗೀರು ಮೂಡಲಿಲ್ಲ. ಹಿಂಬದಿಗೂ ಬರೆಯಬೇಕಲ್ಲ! ನಾರು ಉದ್ದಕ್ಕೆ ಓಡುವುದರಿಂದ ಅದರ ಗುಂಟ ನೇರ ಗೆರೆ ಎಳೆದರೆ ಸೀಳುವ ಭಯ. ನಮ್ಮ ಅಕ್ಷರ ದುಂಡಗಾದದ್ದಕ್ಕೆ ಇದೂ ಒಂದು ಕಾರಣ ಎನ್ನುವವರಿದ್ದಾರೆ. ಕೊರೆದಾಗ ಬರಹ ಸರಿಯಾಗಿ ಕಾಣಿಸುವುದೂ ಇಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದು ಒರೆಸಿದ ಮೇಲೆ ಕಪ್ಪು ಗೀರುಗಳಲ್ಲಷ್ಟೇ ನಿಂತು ಸಾಲುಗಳು ಎದ್ದುಬರುತ್ತವೆ. ತಪ್ಪಿದ್ದರೆ ಅದೂ ಆಗಲೇ ಎದ್ದುಬರುತ್ತದೆ.

ಬೆನ್ನು ಬಾಗಿ, ಕತ್ತು ನೊಂದು, ಕಣ್ಣು ಸೋತು ಬರೆದಿದ್ದೇನೆ, ನೀರು ಎಣ್ಣೆ ತಾಗದಂತೆ ಕಾಪಾಡಿ ಎಂಬ ಅರ್ಥದ ಶ್ಲೋಕವನ್ನು ಕೆಲವರು ಕೊನೆಗೆ ಸೇರಿಸುವುದುಂಟು. ಎಷ್ಟೋ ಸಲ ಗ್ರಂಥಕ್ಕಿಂತ ಈ ಗೊಣಗಾಟವೇ ನನಗೆ ಹೆಚ್ಚು ಹತ್ತಿರವೆನಿಸುತ್ತದೆ.

ನಮ್ಮ ಸೆಕೆ, ತೇವ, ಹುಳುಗಳ ನಡುವೆ ಗರಿ ಕೆಲವು ಶತಮಾನ ಬಾಳಿದರೆ ಹೆಚ್ಚು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಆಡಿದ್ದು ನಮಗೆ ಸಿಕ್ಕಿರುವುದು ಪ್ರತಿಯಿಂದ ಪ್ರತಿಗೆ ದಾಟಿಕೊಂಡು. ಆ ಪ್ರತಿಗಳನ್ನು ಓದುವುದೂ ಒಂದು ವಿದ್ಯೆ. ಪದಗಳ ನಡುವೆ ಜಾಗವಿಲ್ಲ. ಎ–ಏ, ಒ–ಓ ಎಂಬ ಭೇದವನ್ನು ಸಾಮಾನ್ಯವಾಗಿ ತೋರಿಸಿರುವುದಿಲ್ಲ. ಕಾವ್ಯವಾದರೆ ಛಂದಸ್ಸು ಕೈಹಿಡಿದೀತು, ವಚನಕ್ಕೆ ಅದೂ ಇಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು (1880–1964) ಇಂಥ ಓಲೆಕಟ್ಟುಗಳನ್ನು ಊರೂರು ಅಲೆದು ಕೂಡಿಸಿ, ಬಿಡಿಸಿ ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಮೂರು ವರ್ಷಕ್ಕೆ 'ಶಿವಾನುಭವ' ಪತ್ರಿಕೆಯೂ ಬಂತು. ಮಠದಲ್ಲೋ ದೇವರಕೋಣೆಯಲ್ಲೋ ಪೂಜೆಗೊಳ್ಳುತ್ತಿದ್ದ ಕಟ್ಟು ಓದುಗನ ಕೈಗೆ ಬಂದದ್ದು ಹೀಗೆ.

ಈಗ 'ವಚನ ಸಂಚಯ' ಎಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಯಾರ ವಚನದಲ್ಲಿ, ಎಲ್ಲೆಲ್ಲಿ ಬಂದಿದೆಯೆಂದು ಕ್ಷಣದಲ್ಲಿ ತೋರಿಸುತ್ತದೆ. ಹಳಕಟ್ಟಿಯವರ ಕಾಲದಲ್ಲಿ ಇದಕ್ಕೆ ಪಂಡಿತನೊಬ್ಬನ ಆಯುಷ್ಯ ಬೇಕಿತ್ತು. ಆದರೂ ಪದ ಬಿಡಿಸುವ ತಾಪತ್ರಯ ತಪ್ಪಿಲ್ಲ: ವಿಭಕ್ತಿ ಸೇರಿ, ಸಂಧಿಯಾಗಿ ರೂಪ ಬದಲಿಸಿದ ಪದ ಯಂತ್ರದ ಲೆಕ್ಕಕ್ಕೆ ಬೇರೆಯೇ ಪದ. 'ಕಾಯಕ'ವನ್ನು ಹುಡುಕುವವರು 'ಕಾಯಕದ', 'ಕಾಯಕವೆ', 'ಕಾಯಕವಾದಡೆ' ಎಂದೂ ಕೊಟ್ಟು ನೋಡುವುದು ಒಳ್ಳೆಯದು.