ಠಾಣೆ ಖಾಡಿಯ ಮೇಲೆ ರೋಮಿನ ಬೆಳಕು

ಠಾಣೆ ಬಿಟ್ಟು ಕಲ್ಯಾಣದ ಕಡೆ ಹೊರಟ ಸ್ಲೋ ಲೋಕಲ್‌ಗೆ ಒಂದು ಭಾಗ್ಯವಿದೆ, ಫಾಸ್ಟ್ ಲೋಕಲ್‌ಗೆ 2022ರವರೆಗೆ ಅದಿರಲಿಲ್ಲ. ಫಾಸ್ಟ್ ಗಾಡಿ ಆಗ 1916ರಲ್ಲಿ ತೆರೆದ ಪಾರ್ಸಿಕ್ ಸುರಂಗಕ್ಕೆ ನುಗ್ಗಿ, ಕತ್ತಲಲ್ಲೇ ಗುಡ್ಡ ಕಳೆದು ದಿವಾದ ಹತ್ತಿರ ಹೊರಬೀಳುತ್ತಿತ್ತು. ಸ್ಲೋ ಗಾಡಿ ಆಗಲೂ ಈಗಲೂ ಕಳವಾ, ಮುಂಬ್ರಾ ಎಂದು ಬೆಟ್ಟವನ್ನು ಬಳಸಿ ಖಾಡಿಯ, ಅಂದರೆ ಒಳನುಗ್ಗಿದ ಸಮುದ್ರದ ನೀರಿನ, ಅಂಚಿನಲ್ಲೇ ಬರುತ್ತದೆ. ಒಂದು ಮಗ್ಗುಲಿಗೆ ಮುಂಬ್ರಾದೇವಿಯ ಗುಡಿ ಹೊತ್ತ ಕಡಿದಾದ ಬೆಟ್ಟ, ಇನ್ನೊಂದು ಮಗ್ಗುಲಿಗೆ ಕಾಂಡ್ಲಾ ಗಿಡಗಳ ಕಪ್ಪು ಹಸಿರು, ಅದರಾಚೆ ನೀರು, ನೀರಿನಾಚೆ ಮಸುಕು ನೀಲಿಯ ಗುಡ್ಡಸಾಲು. ಸಂಜೆ ಆರರ ಗರ್ದಿಯಲ್ಲಿ ದಿವಾದಲ್ಲಿ ಇಳಿಯಬೇಕಾದವರು ಬಾಗಿಲ ಕಡೆ ಜರುಗುವ ಚಿಂತೆಯಲ್ಲಿರುತ್ತಾರೆ. ಇದನ್ನು ನೋಡುವಷ್ಟು ಪುರುಸೊತ್ತು ಅವರಿಗಿಲ್ಲ. ನೋಡಿದವರಿಗೆ ಮಾತ್ರ ಈ ನೋಟ ಯಾರೋ ಜೋಡಿಸಿಟ್ಟ ಹಾಗಿದೆ ಅನ್ನಿಸಬಹುದು.

ಹಾಗೆ ಅನ್ನಿಸುವುದಕ್ಕೆ ಕಾರಣ ಹದಿನೇಳನೆಯ ಶತಮಾನದ ರೋಮ್ ನಗರದಲ್ಲಿದೆ.

ಚಿತ್ರಕಾರ ಕ್ಲಾಡ್ ಲೊರೇನ್ ಹುಟ್ಟಿದ್ದು ಫ್ರಾನ್ಸಿನ ಅಂಚಿನ ಲೊರೇನ್ ಸೀಮೆಯಲ್ಲಿ, ಬಾಳಿದ್ದು ರೋಮ್‌ನಲ್ಲಿ, ತೀರಿಕೊಂಡದ್ದೂ ಅಲ್ಲೇ, 1682ರಲ್ಲಿ. ಹುಡುಗನಾಗಿದ್ದಾಗ ಪೇಸ್ಟ್ರಿ ಮಾಡುವ ಕೆಲಸ ಕಲಿತಿದ್ದ ಎಂದು ಅವನ ಕಾಲದವರೇ ಬರೆದಿದ್ದಾರೆ. ನಸುಕಿನಲ್ಲೇ ಎದ್ದು ಊರ ಹೊರಗಿನ ಕಂಪಾನ್ಯಾ ಬಯಲಿಗೆ ಹೋಗಿ, ಬೆಳಕು ಬಣ್ಣ ಬದಲಿಸುವುದನ್ನು ಕಾದು ಕೂತು ನೋಡುತ್ತಿದ್ದ. ನೋಡಿದ್ದನ್ನು ಹಾಗೆಯೇ ಬರೆದನೇ? ಇಲ್ಲ. ಒಂದು ಕಡೆಯ ಮರ, ಇನ್ನೊಂದು ಕಡೆಯ ಗುಡಿ, ಮತ್ತೆಲ್ಲಿಯದೋ ನದಿ ಎಲ್ಲವನ್ನೂ ತಂದು ಚಿತ್ರಶಾಲೆಯಲ್ಲಿ ಒಂದೇ ನಾಡಾಗಿ ಕೂಡಿಸಿದ. ಕಂಪನಿ ನಾಟಕದ ಸೈಡ್‌ವಿಂಗಿನಂತೆ ಅಂಚಿಗೊಂದು ಎತ್ತರದ ಮರ, ಮುಂದೆ ಮಬ್ಬು ನೆಲ, ಅಲ್ಲಿ ದನ ಮೇಯಿಸುವವನು ಅಥವಾ ಕೊಳಲು ಊದುವವನು, ನಡುವೆ ನೀರು, ನೀರಿನ ದಡದಲ್ಲಿ ಅರ್ಧ ಕುಸಿದ ಗುಡಿಯೋ ಕಮಾನೋ, ಕೊನೆಗೆ ಎಲ್ಲವನ್ನೂ ಕರಗಿಸುವ ಚಿನ್ನದ ಬೆಳಕು. ಮನುಷ್ಯರ ಆಕೃತಿ ಬರೆಯುವುದರಲ್ಲಿ ಅವನ ಕೈ ಅಷ್ಟು ಪಳಗಿರಲಿಲ್ಲ; ನಾನು ಮಾರುವುದು ಭೂದೃಶ್ಯವನ್ನು, ಮನುಷ್ಯರನ್ನು ಪುಕ್ಕಟೆ ಕೊಡುತ್ತೇನೆ ಎಂದು ತಾನೇ ತಮಾಷೆ ಮಾಡುತ್ತಿದ್ದನಂತೆ. ನಕಲಿ ಚಿತ್ರಗಳ ಕಾಟಕ್ಕೆ ಬೇಸತ್ತು, ತಾನು ಬರೆದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ರೇಖೆಯಲ್ಲಿ ದಾಖಲಿಸಿಟ್ಟ. ‘ಲೀಬೆರ್ ವೆರಿತಾತಿಸ್’ ಎಂಬ ಆ ಸಂಗ್ರಹದ ಸುಮಾರು 200 ರೇಖಾಚಿತ್ರಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಆ ಬಯಲಿನ ನಿಜಸ್ಥಿತಿ ಬೇರೆಯೇ ಇತ್ತು. ಕಂಪಾನ್ಯಾ ಮಲೇರಿಯಾದ ತವರು. ಜನ ಒಕ್ಕಲೆದ್ದು ಹೋಗಿದ್ದರು. ಉಳಿದಿದ್ದ ಕುರುಬರ ಪಾಡು ಕೊಳಲು ಊದುವಂಥದ್ದಾಗಿರಲಿಲ್ಲ. ಚಿತ್ರದಲ್ಲಿ ಕಾಣುವ ಆ ವಿಶಾಲ ನಿಶ್ಶಬ್ದದಲ್ಲಿ ಜ್ವರದ ಪಾಲೂ ಇದೆ. ಹೀಗಾಗಿ ಕ್ಲಾಡ್‌ನನ್ನು ಸುಳ್ಳುಗಾರ ಎಂದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವನ ಗುಡಿಗಳು ಕಲ್ಪಿತವಾದರೂ ಅವನ ಬೆಳಕು ಕಂಡದ್ದು. ಸೂರ್ಯನನ್ನೇ ಚಿತ್ರದ ನಡುವೆ ತಂದು ಕೂರಿಸುವ ಧೈರ್ಯ ಅವನಿಗೆ ಮುಂಚೆ ಬಹಳ ಜನ ಮಾಡಿರಲಿಲ್ಲ.

ಅವನ ಚಿತ್ರಗಳಿಗೆ ಮುಗಿಬಿದ್ದವರು ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಿರಿವಂತರು. ಕೊಂಡು ಗೋಡೆಗೆ ಹಾಕಿದ್ದು ಸಾಲದೆ, ನೆಲವನ್ನೇ ಚಿತ್ರದಂತೆ ತಿದ್ದಿಸಿದರು. ವಿಲ್ಟ್‌ಶೈರ್‌ನ ಸ್ಟೌರ್‌ಹೆಡ್‌ನಲ್ಲಿ ಹೆನ್ರಿ ಹೋರ್ ಎಂಬ ಬ್ಯಾಂಕರ್ 1740ರ ದಶಕದಿಂದ ಕಣಿವೆಗೆ ಒಡ್ಡು ಹಾಕಿ ಕೆರೆ ಕಟ್ಟಿಸಿ, ದಡದಲ್ಲಿ ರೋಮನ್ ಗುಡಿಯ ಮಾದರಿ ನಿಲ್ಲಿಸಿದ. ಪ್ರವಾಸಿಗಳ ಜೇಬಿನಲ್ಲಿ ಕ್ಲಾಡ್‌ನ ಹೆಸರಿನ ಕಪ್ಪು ಉಬ್ಬುಗನ್ನಡಿ ಬಂತು. ಬೆಟ್ಟಕ್ಕೆ ಬೆನ್ನು ತಿರುಗಿಸಿ ನಿಂತು, ಕನ್ನಡಿಯೊಳಗೆ ಅದರ ಮಬ್ಬು ಬಿಂಬ ನೋಡಿ ಆಹಾ ಎನ್ನುವುದು ಆಗಿನ ಅಭಿರುಚಿ! ಮೊಬೈಲ್‌ನ ಫಿಲ್ಟರ್ ನೋಡಿ ನಗುವವರು ಇದನ್ನೂ ನೆನೆಯಬೇಕು.

ಈ ಅಚ್ಚನ್ನೇ ಕಣ್ಣಲ್ಲಿಟ್ಟುಕೊಂಡು ಚಿತ್ರಕಾರರು ಹಡಗು ಹತ್ತಿದರು. ವಿಲಿಯಂ ಹಾಜಸ್ 1780ರಲ್ಲಿ ಭಾರತಕ್ಕೆ ಬಂದ. ಅವನ ಹಿಂದೆಯೇ ಥಾಮಸ್ ಡ್ಯಾನಿಯೆಲ್, ಅವನ ಸೋದರನ ಮಗ ವಿಲಿಯಂ. ಊರೂರು ತಿರುಗಿದ ಇವರಿಬ್ಬರ ‘ಓರಿಯೆಂಟಲ್ ಸೀನರಿ’ 1795ರಿಂದ 1808ರವರೆಗೆ 144 ಚಿತ್ರಗಳಾಗಿ ಲಂಡನ್ನಿನಲ್ಲಿ ಹೊರಬಂತು. ಮುಂಬೈಗೆ ಬಂದವನು ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್. 1791ರಲ್ಲಿ ಇಳಿದ ವೇಲ್ಸ್, ಆ ವರ್ಷ ಮತ್ತು ಮರುವರ್ಷ ಮುಂಬೈ ದ್ವೀಪ ಹಾಗೂ ಸುತ್ತಲಿನ ನೋಟಗಳನ್ನು ಬರೆದ; ಅದರಿಂದ ಆಯ್ದ ಹನ್ನೆರಡು ಚಿತ್ರಗಳು 1800ರಲ್ಲಿ ಅಚ್ಚಾದವು. ಅವುಗಳಲ್ಲಿ ತಗ್ಗು ಗುಡ್ಡಗಳು, ಒಳನುಗ್ಗಿದ ಸಮುದ್ರದ ನೀರು, ಮರಗಳ ಚೌಕಟ್ಟು ಎಲ್ಲ ಇವೆ. ಕಂಪಾನ್ಯಾದ ಓಕ್ ಮರದ ಜಾಗದಲ್ಲಿ ಇಲ್ಲಿ ತಾಳೆ, ತೆಂಗು.

ಅಚ್ಚಾದದ್ದನ್ನು ವೇಲ್ಸ್ ನೋಡಲಿಲ್ಲ. ಸಾಷ್ಟಿ ದ್ವೀಪದಲ್ಲಿ, ಅಂದರೆ ಇಂದಿನ ಮುಂಬೈ ಉಪನಗರಗಳೂ ಠಾಣೆಯೂ ಕೂತಿರುವ ನೆಲದಲ್ಲಿ, ಕಾನ್ಹೇರಿ ಗುಹೆಗಳ ಚಿತ್ರ ಬರೆಯುತ್ತಿದ್ದಾಗ ಜ್ವರ ಹಿಡಿದು 1795ರ ನವೆಂಬರ್‌ನಲ್ಲಿ ತೀರಿಕೊಂಡ. ರೋಮಿನ ಬಯಲಿನಂತೆ ಈ ದ್ವೀಪವೂ ನೋಡಲು ಚೆಲುವು, ಮಲಗಿದರೆ ಅಪಾಯ. ಅವನು ಅರ್ಧಕ್ಕೆ ಬಿಟ್ಟ ಎಲ್ಲೋರದ ರೇಖಾಚಿತ್ರಗಳನ್ನು ಥಾಮಸ್ ಡ್ಯಾನಿಯೆಲ್ ಪುಸ್ತಕಕ್ಕೆ ತಂದ.

ಕನ್ನಡ ನಾಡಿನ ಮೇಲೆ ಇದೇ ಬೆಳಕು ಬಿದ್ದದ್ದು ಯುದ್ಧದ ನಡುವೆ. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದ. 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಮೈಸೂರು ಚಿತ್ರಗಳ ಪುಸ್ತಕದಲ್ಲಿ ಬೆಂಗಳೂರಿನ ಕೋಟೆ, ಸಾವನದುರ್ಗ, ಶ್ರೀರಂಗಪಟ್ಟಣಗಳು ಬಹು ಶಾಂತವಾಗಿ ಕೂತಿವೆ. ಅದೇ ವರ್ಷ ಅಲೆಕ್ಸಾಂಡರ್ ಆಲನ್ ಎಂಬ ಸೇನಾಧಿಕಾರಿಯೂ ಮೈಸೂರು ಸೀಮೆಯ ನೋಟಗಳನ್ನು ಪ್ರಕಟಿಸಿದ. ಯುದ್ಧ ಮುಗಿದ 1792ರಲ್ಲೇ ಡ್ಯಾನಿಯೆಲ್‌ಗಳು ರಾಯಕೋಟೆ, ಕೃಷ್ಣಗಿರಿ ಕಡೆಯ ದುರ್ಗಗಳನ್ನು ಬರೆದುಕೊಂಡರು. ಲಂಡನ್ನಿನವರಿಗೆ ಟಿಪ್ಪುವಿನ ನಾಡು ಹೇಗಿದೆ ಎಂಬ ಕುತೂಹಲ. ಅದು ತಣಿದದ್ದು ಸಂಜೆ ಬೆಳಕಿನ ಗುಡ್ಡಗಳಿಂದ, ನೀರಿನ ದಡದ ದನಗಳಿಂದ.

ಆ ದನಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿದ ಮೇಲೂ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನು ಮುತ್ತಲಾಗಲಿಲ್ಲ. ಮಳೆ ಹಿಡಿದಿತ್ತು, ಮೇವಿಲ್ಲ, ರೋಗ ಬೇರೆ. ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ದೊಡ್ಡ ತೋಪುಗಳನ್ನು ಎಳೆದೊಯ್ಯಲಾಗದೆ ತಾನೇ ನಾಶ ಮಾಡಿ ಬೆಂಗಳೂರಿನತ್ತ ತಿರುಗಿದ. ದಾರಿಯಲ್ಲಿ ಮರಾಠಾ ಸೈನ್ಯ, ಅದರ ಜೊತೆಯ ಬಂಜಾರರ ಧಾನ್ಯದ ಎತ್ತುಗಳು ಸಿಕ್ಕಿದ್ದರಿಂದ ಅವನ ಸಿಪಾಯಿಗಳು ಉಳಿದರು. ಇನ್ನೊಂದು ಪಾಳಯದಲ್ಲಿ ಮೈಸೂರಿನ ಅಮೃತಮಹಲ್ ಎತ್ತುಗಳು, ತೋಪು ಎಳೆಯಲೆಂದೇ ಸಾಕಿದ ತಳಿ. ಅರಮನೆಯ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪುವೇ. ಆ ರಾಸುಗಳು ಮೇಯುತ್ತಿದ್ದ ಹುಲ್ಲುಗಾವಲುಗಳಿಗೆ ಕಾವಲು ಎಂದೇ ಹೆಸರು. ಬೀರೂರು, ಅಜ್ಜಂಪುರದ ಕಡೆ ಇಂದಿಗೂ ಇವೆ. ಕರ್ನಾಟಕದಲ್ಲಿ ಗೋಪಾಲಕರ ಬಯಲು ಎಂದು ಹೇಳಬಹುದಾದದ್ದು ಯಾವುದಾದರೂ ಇದ್ದರೆ ಅದು ಈ ಕಾವಲು, ಅದೂ ದೊರೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಬಯಲು. ಕೊಳಲಿನವನಿಗೆ ಅಲ್ಲಿ ಸಂಬಳವಿತ್ತು, ಮೇಲೊಬ್ಬ ದರೋಗ ಇದ್ದ.

ಈ ಚಿನ್ನದ ಬೆಳಕಿನ ಚಿತ್ರಗಳು ಬಿಟ್ಟದ್ದನ್ನು ಕಂಡವರೂ ಇದ್ದರು. ಪುಣೆಯ ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್‌ನ ಆಶ್ರಯದಲ್ಲಿ ವೇಲ್ಸ್ ಜೊತೆ ದುಡಿದ ಗಂಗಾರಾಮ್ ತಾಂಬಟ್ ಪಾಶ್ಚಾತ್ಯ ರೀತಿಯ ನೆರಳು ಬೆಳಕು ಕಲಿತ, ಕಾರ್ಲಾ, ಎಲ್ಲೋರದ ಗುಹೆಗಳನ್ನು ಬರೆದ. ಆದರೆ ಅವನ ಕೈ ತೀರ ಚುರುಕಾಗುವುದು ಪೇಶ್ವೆಯ ಪ್ರಾಣಿಸಂಗ್ರಹದ ಘೇಂಡಾಮೃಗವನ್ನು, ವೇಲ್ಸ್ ಬರುವ ಮುಂಚೆಯೇ 1790ರಲ್ಲಿ, ಬರೆಯುವಾಗ. ಪ್ರಾಣಿಯ ಚರ್ಮದ ಮಡಿಕೆ ಮಡಿಕೆಯೂ ಅಲ್ಲಿದೆ. ಚಿನ್ನದ ಸಂಜೆಯ ಗೊಡವೆಗೆ ಅವನು ಹೋಗಿಲ್ಲ. ಮುಂದೆ ಮೈಸೂರಿನ ಕೆ. ವೆಂಕಟಪ್ಪನವರು ನೀಲಗಿರಿಯ ಮಂಜನ್ನು ಜಲವರ್ಣದಲ್ಲಿ ಹಿಡಿಯಲು ಕೂತಾಗಲೂ ಗುಡಿ, ದನಗಾಹಿಗಳ ಆಸರೆ ಬೇಡವಾಯಿತು. ಗಳಿಗೆಗೊಮ್ಮೆ ಬದಲಾಗುವ ಆಕಾಶವೇ ಅವರಿಗೆ ಸಾಕಾಗಿತ್ತು.

ಇತ್ತ ಖಾಡಿಯ ಮೇಲೆ 1854ರ ಮೇ 1ರಂದು ಠಾಣೆಯಿಂದ ಕಲ್ಯಾಣಕ್ಕೆ ರೈಲು ಓಡಿತು. ಆ ಕಾಲದ ಫೋಟೊಗಳಲ್ಲಿ ನೀರು, ಹಿಂದೆ ಗುಡ್ಡ, ನಡುವೆ ಕಮಾನುಗಳ ಸೇತುವೆ. ಕ್ಲಾಡ್ ರೋಮಿನ ಹಳೆಯ ಕಮಾನುಗಳನ್ನು ಇಡುತ್ತಿದ್ದ ಜಾಗಕ್ಕೆ ಸರಿಯಾಗಿ ರೈಲುಸೇತುವೆ ಬಂದು ನಿಂತಿತ್ತು. ಅಂಚಿನಲ್ಲಿ ಗದ್ದೆ ಮಾಡುತ್ತ, ಉಪ್ಪು ತೆಗೆಯುತ್ತ ಬದುಕಿದ ಆಗ್ರಿಗಳು, ಬಲೆ ಬೀಸುವ ಕೋಲಿ ಜನ ಮುನ್ನೆಲೆಯ ಸಣ್ಣ ಆಕೃತಿಗಳಾಗಿಯಷ್ಟೇ ಚಿತ್ರಗಳಿಗೆ ಸಿಕ್ಕವರು. ಅವರ ಊರು ಕೇರಿಗಳ ಮೇಲೇ ಇಂದಿನ ದಿವಾ ಬೆಳೆದಿದೆ.

ಜಂಕ್ಷನ್ನಿನಿಂದ ಒಂದು ಹಳಿ ವಸಾಯಿಗೆ, ಇನ್ನೊಂದು ಪನ್ವೇಲಿಗೆ ಕವಲೊಡೆಯುತ್ತದೆ. ಮಂಗಳೂರಿನ ಮತ್ಸ್ಯಗಂಧ ಪನ್ವೇಲಿನ ಹಳಿ ಹಿಡಿಯುವುದು ಇಲ್ಲೇ; ಉಡುಪಿ, ಕುಂದಾಪುರಕ್ಕೆ ಹೊರಟವರು ದಿವಾದ ಕಟ್ಟಡಗಳ ಬೆನ್ನನ್ನು ನೋಡುತ್ತ ಹೋಗುತ್ತಾರೆ. ಆ ಕಟ್ಟಡಗಳ ಹೆಸರುಗಳಲ್ಲಿ ಹಸಿರು, ಕಣಿವೆ, ಸರೋವರ ಸಮೃದ್ಧಿ. ಹಳಿಯ ಬದಿಯ ಹೋರ್ಡಿಂಗ್ ನೋಡಿದರೆ ಅಂಚಿಗೊಂದು ಬಾಗಿದ ಮರ, ಮುಂದೆ ನೆರಳಿನ ಹುಲ್ಲು, ನಡುವೆ ನೀರು, ನೀರಿನ ದಡದಲ್ಲಿ ಗುಡಿಯ ಬದಲು ಇಪ್ಪತ್ತು ಮಹಡಿ, ಹಿಂದೆ ಚಿನ್ನದ ಆಕಾಶ. ಕಂಪ್ಯೂಟರಿನಲ್ಲಿ ಇದನ್ನು ಮಾಡಿದ ಹುಡುಗ ಕ್ಲಾಡ್‌ನ ಹೆಸರು ಕೇಳಿರಬೇಕಾಗಿಲ್ಲ. ಕುರಿಗಾಹಿ ನಿಲ್ಲಬೇಕಿದ್ದಲ್ಲಿ ಸೈಕಲ್ ಮೇಲಿನ ಮಗು, ಓಡುವ ಹೆಂಗಸು, ಬೆಂಚಿನ ಮೇಲೆ ಅಜ್ಜ. ಖಾಡಿ ಈ ಚಿತ್ರದಲ್ಲಿ ಬರುವುದೇ ಇಲ್ಲ. ಬಂದರೂ ಕಾಂಡ್ಲಾ, ಕೆಸರು, ಉಬ್ಬರ ಇಳಿತಗಳಿಲ್ಲದ ತಿಳಿನೀಲಿಯಾಗಿ. ಫ್ಲ್ಯಾಟ್ ಕೊಳ್ಳಲು ಬಂದವರು ಚಿತ್ರದ ಮುಂದೆ ನಿಂತು ಮೊದಲು ಕೇಳುವುದು ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಸ್ಟೇಷನ್ನಿಗೆ ನಡೆದು ಎಷ್ಟು ನಿಮಿಷ ಎಂದು.